ಪ್ಯಾಕೆಟ್ ಸಾಗಣೆಯ ಕಾಲದಲ್ಲಿ ಲೀಸ್ಡ್ ಲೈನ್ ಕರಾರು: ವರ್ತಕರು ಗಮನಿಸಬೇಕಾದ ಅಂಶಗಳು

2024ರ ಮಾರ್ಚ್ ತಿಂಗಳ ಕೊನೆಯ ವಾರದ ಮಾತು. ಕೈಗಾರಿಕಾ ವಸಾಹತೊಂದರಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ನನ್ನ ಕಕ್ಷಿದಾರರೊಬ್ಬರ ಕಾರ್ಖಾನೆಯ ಗೇಟಿನೊಳಗೆ ಮಾಲು ತುಂಬಿದ ಎರಡು ಲಾರಿಗಳು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದವು. ಮಾಲು ಸಿದ್ಧವಿತ್ತು, ಚಾಲಕರೂ ಇದ್ದರು, ಬಿಲ್ಲು ಮಾತ್ರ ಹೊರಡಲಿಲ್ಲ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದ ಎಲ್ಲರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದು ಸದಸ್ಯರಿಗೆ ತಿಳಿದೇ ಇದೆ. ಅದರ ಹಿಂದೆಯೇ ಇ-ವೇ ಬಿಲ್ಲು ಬರಬೇಕು. ಮೊಬೈಲ್ ದೂರವಾಣಿಯ ಮೂಲಕ ಸರ್ಕಾರದ ಪೋರ್ಟಲನ್ನೇನೋ ತೆರೆಯಬಹುದಿತ್ತು. ಆದರೆ ಬಿಲ್ಲಿನ ಸರಣಿ ಸಂಖ್ಯೆ, ದರ, ದಾಸ್ತಾನು ಎಲ್ಲವೂ ಇದ್ದುದು ನಗರದ ಮುಖ್ಯ ಕಚೇರಿಯ ಸರ್ವರಿನಲ್ಲಿ. ಅಲ್ಲಿಗೆ ಹೋಗುವ ದಾರಿಯೇ ಕಡಿದಿತ್ತು.

ದಾರಿ ಒಂದಲ್ಲ, ಎರಡಿದ್ದವು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಮುಂದಾಲೋಚನೆಯಿಂದ ಅವರು ಎರಡು ಬೇರೆ ಬೇರೆ ಕಂಪನಿಗಳಿಂದ ಸಂಪರ್ಕ ಪಡೆದು, ಎರಡಕ್ಕೂ ತಿಂಗಳು ತಿಂಗಳು ಹಣ ಪಾವತಿಸುತ್ತಿದ್ದರು. ಚರಂಡಿ ಕಾಮಗಾರಿಯ ಜೆಸಿಬಿ ಒಂದೇ ಬಾರಿಗೆ ಎರಡನ್ನೂ ಕಿತ್ತು ಹಾಕಿತು. ಎರಡೂ ಕೇಬಲ್ಲುಗಳು ಒಂದೇ ಕಂದಕದಲ್ಲಿ ಮಲಗಿದ್ದವು. ದುರಸ್ತಿಗೆ 9 ಗಂಟೆ ಹಿಡಿಯಿತು. ಪರಿಹಾರ ಕೇಳಿದಾಗ ದೊರೆತ ಉತ್ತರ ಚಿಕ್ಕದಾಗಿತ್ತು: ಕರಾರಿನಲ್ಲಿ ಒಪ್ಪಿರುವುದು ಶೇ. 99.5 ಲಭ್ಯತೆ, ಅದನ್ನು ಅಳೆಯುವುದು ತ್ರೈಮಾಸಿಕವಾಗಿ. 90 ದಿನಗಳಿಗೆ 2,160 ಗಂಟೆ. ಅದರ ಅರ್ಧ ಪ್ರತಿಶತ ಎಂದರೆ 10 ಗಂಟೆ 48 ನಿಮಿಷ. ಅಷ್ಟರೊಳಗಿನ ಅಡಚಣೆ ಕರಾರಿನ ಉಲ್ಲಂಘನೆಯಲ್ಲ, ಆದ್ದರಿಂದ ಒಂದು ರೂಪಾಯಿಯೂ ಬಾರದು. ಆ ಕರಾರನ್ನು ನಾನು ಮೊದಲ ಬಾರಿ ಓದಿದ್ದು ಅಂದು. ಲೆಕ್ಕಪರಿಶೋಧಕರಿಗೆ ಕರೆ ಬರುವುದು ಸಾಮಾನ್ಯವಾಗಿ ಎಲ್ಲವೂ ನಡೆದುಹೋದ ಮೇಲೆಯೇ.

ನಾನು ಇಂಜಿನಿಯರನಲ್ಲ, ವಾಣಿಜ್ಯ ಪದವೀಧರ. ಆದರೂ ಈ ಪ್ರಕರಣದ ನಂತರ ದೂರಸಂಪರ್ಕ ಜಾಲದ ಒಳಗೆ ನಡೆದಿರುವ ಒಂದು ಬದಲಾವಣೆಯನ್ನು ಅರ್ಥಮಾಡಿಕೊಳ್ಳಬೇಕಾಯಿತು. ನಮ್ಮಲ್ಲಿ ಬಹುತೇಕರು ಇಂದಿಗೂ "ಲೀಸ್ಡ್ ಲೈನ್" ಎಂದೇ ಕರೆಯುವ ವಸ್ತು ಹಿಂದಿನ ಲೀಸ್ಡ್ ಲೈನ್ ಆಗಿ ಉಳಿದಿಲ್ಲ. ಹೆಸರು ಉಳಿದಿದೆ, ಮಾಲು ಬದಲಾಗಿದೆ.

1980ರ ದಶಕದ ಕೊನೆಯಲ್ಲಿ ರೂಪುಗೊಂಡ ಎಸ್.ಡಿ.ಎಚ್. ಎಂಬ ಪದ್ಧತಿಯಲ್ಲಿ ಸಾಗಣೆಯ ಅಳತೆಗಳು ನಿಗದಿಯಾಗಿದ್ದವು: ಇ-1 ಎಂದರೆ ಸೆಕೆಂಡಿಗೆ ಸುಮಾರು 2 ಮೆಗಾಬಿಟ್, ಎಸ್.ಟಿ.ಎಂ.-1 ಎಂದರೆ ಸುಮಾರು 155 ಮೆಗಾಬಿಟ್. ಇದು ಇಡೀ ಲಾರಿಯನ್ನು ಬಾಡಿಗೆಗೆ ಪಡೆದಂತೆ. ನೀವು ಎರಡು ಮೂಟೆ ಹಾಕಿದರೂ, ಏನೂ ಹಾಕದಿದ್ದರೂ ಲಾರಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಅದರಲ್ಲಿ ಇನ್ನೊಬ್ಬರ ಮಾಲಿಗೆ ಜಾಗವಿಲ್ಲ. ಬಾಡಿಗೆ ಹೆಚ್ಚು, ಆದರೆ ಜಾಗ ಖಚಿತ. ದಾರಿಯಲ್ಲಿ ಕೇಬಲ್ ತುಂಡಾದರೆ 50 ಮಿಲಿಸೆಕೆಂಡಿನೊಳಗೆ ವರ್ತುಲದ ಮತ್ತೊಂದು ಬದಿಯಿಂದ ಸಾಗಣೆ ಮುಂದುವರಿಯುವ ವ್ಯವಸ್ಥೆಯೂ ಅದರಲ್ಲಿತ್ತು.

ಸಾಗಿಸಬೇಕಾದ ಸರಕು ದೂರವಾಣಿಯ ಧ್ವನಿಯಿಂದ ಗಣಕಯಂತ್ರದ ದತ್ತಾಂಶಕ್ಕೆ ಬದಲಾದಾಗ ತೊಂದರೆ ಆರಂಭವಾಯಿತು. ಕಚೇರಿಯ ಗಣಕಯಂತ್ರಗಳನ್ನು ಜೋಡಿಸಲೆಂದು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಈಥರ್ನೆಟ್, ದತ್ತಾಂಶವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಳುಹಿಸುತ್ತದೆ. ಇವೇ ಪ್ಯಾಕೆಟ್ಟುಗಳು. ಈಥರ್ನೆಟ್ಟಿನ ಅಳತೆ 10, 100, 1,000 ಎಂದು ಹತ್ತರ ಲೆಕ್ಕದಲ್ಲಿ ಏರಿದರೆ, ಹಳೆಯ ಜಾಲದ ಅಳತೆ ಬೇರೆ. 1,000 ಮೆಗಾಬಿಟ್‌ನ ಒಂದು ಈಥರ್ನೆಟ್ ಸಂಪರ್ಕವನ್ನು ಎಸ್.ಡಿ.ಎಚ್.ನ ಅಖಂಡ ಪೆಟ್ಟಿಗೆಯಲ್ಲಿ ಕೂರಿಸಬೇಕಾದರೆ ಸುಮಾರು 2,400 ಮೆಗಾಬಿಟ್‌ನ ಪೆಟ್ಟಿಗೆಯೇ ಬೇಕಾಗುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ. ನಂತರ ಸಣ್ಣ ಪೆಟ್ಟಿಗೆಗಳನ್ನು ಜೋಡಿಸುವ ಉಪಾಯ ಬಂದರೂ ಮೂಲ ಸಮಸ್ಯೆ ಉಳಿಯಿತು: ಗಿರಾಕಿ ಏನನ್ನೂ ಕಳುಹಿಸದ ವೇಳೆಯಲ್ಲೂ ಜಾಗ ಅವನ ಹೆಸರಿನಲ್ಲೇ ಕಾದಿರುತ್ತದೆ. ವೆಚ್ಚದ ಲೆಕ್ಕ ಬಲ್ಲ ಯಾರೂ ಇದನ್ನು ಬಹುಕಾಲ ಸಹಿಸಲಾರರು.

ಆದ್ದರಿಂದ ಜಾಲಗಳು ಇಡೀ ಲಾರಿಯ ಪದ್ಧತಿಯನ್ನು ಬಿಟ್ಟು ಪಾರ್ಸೆಲ್ ಸರ್ವಿಸ್ ಪದ್ಧತಿಗೆ ಬಂದವು. ಒಂದೇ ವಾಹನದಲ್ಲಿ ಹತ್ತು ಜನರ ಮಾಲು. ಯಾರದು ಯಾವಾಗ ಬರುತ್ತದೋ ಆಗ ಅವರಿಗೆ ಜಾಗ. 2001ರಲ್ಲಿ ಸ್ಥಾಪನೆಯಾದ ಮೆಟ್ರೋ ಈಥರ್ನೆಟ್ ಫೋರಂ ಎಂಬ ಉದ್ಯಮ ಸಂಘಟನೆ, ಕಚೇರಿಯೊಳಗಿನ ಈಥರ್ನೆಟ್ಟನ್ನು ಊರಿಂದೂರಿಗೆ ಮಾರಲು ಯೋಗ್ಯವಾದ ಸೇವೆಯನ್ನಾಗಿಸುವ ಷರತ್ತುಗಳನ್ನು ನಿರೂಪಿಸಿ ಅದಕ್ಕೆ "ಕ್ಯಾರಿಯರ್ ಈಥರ್ನೆಟ್" ಎಂದು ಹೆಸರಿಟ್ಟಿತು. ಇದರೊಂದಿಗೆ ಎಂ.ಪಿ.ಎಲ್.ಎಸ್.-ಟಿ.ಪಿ. ಎಂಬ ಪದ್ಧತಿ ಬಂದಿತು. ಅದರಲ್ಲಿ ಪ್ರತಿ ಪೊಟ್ಟಣಕ್ಕೂ ಲಾರಿ ರಸೀತಿಯ ಸಂಖ್ಯೆಯಂತೆ ಒಂದು ಚೀಟಿ ಅಂಟುತ್ತದೆ. ಹಾದಿ ಮೊದಲೇ ಗೊತ್ತುಪಡಿಸಿದ್ದು, ಹೋಗುವ ದಾರಿಯೇ ಬರುವ ದಾರಿ. ಇವೆಲ್ಲದರ ಅಡಿಯಲ್ಲಿ ಗಾಜಿನ ಎಳೆಯೊಳಗೆ ಬೆಳಕಿನ ಹಲವು ಬಣ್ಣಗಳು ಒಟ್ಟಿಗೆ ಹರಿಯುತ್ತವೆ. ಒಂದೊಂದು ಬಣ್ಣವೂ ಒಂದೊಂದು ಹೆದ್ದಾರಿ.

ಈ ಬದಲಾವಣೆಯನ್ನು ನಾನು ವಿರೋಧಿಸುತ್ತಿಲ್ಲ. ಅದರಿಂದ ದರ ಇಳಿದಿದೆ, ವೇಗ ಏರಿದೆ. ಈ ಉಪಕರಣಗಳನ್ನು ತಯಾರಿಸುವ ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ನಮ್ಮ ಬೆಂಗಳೂರಿನಲ್ಲೇ ಆರಂಭವಾದ ಕಂಪನಿ, 2023ರಲ್ಲಿ ಬಿ.ಎಸ್.ಎನ್.ಎಲ್. ಜಾಲಕ್ಕೆ ಸುಮಾರು 696 ಕೋಟಿ ರೂ. ಮೌಲ್ಯದ ರೌಟರುಗಳ ಆದೇಶ ಪಡೆದದ್ದೂ ಅದೇ. ನನ್ನ ತಕರಾರು ಇರುವುದು ಕೊಳ್ಳುವವರಾದ ನಮ್ಮ ಬಗ್ಗೆ. ಇಡೀ ಲಾರಿ ಹಿಡಿದಾಗ ಕರಾರು ಓದದಿದ್ದರೂ ನಡೆಯುತ್ತಿತ್ತು, ಏಕೆಂದರೆ ಜಾಗದ ಖಾತರಿ ಲಾರಿಯ ರಚನೆಯಲ್ಲೇ ಇತ್ತು. ಪಾರ್ಸೆಲ್ ಸರ್ವಿಸ್‌ನಲ್ಲಿ ಖಾತರಿ ಇರುವುದು ಕಾಗದದ ಮೇಲೆ ಮಾತ್ರ. ಕಾಗದದಲ್ಲಿ ಬರೆಯದೆ ಉಳಿದದ್ದು ನಿಮಗೆ ದೊರೆಯುವ ಮಾಲಲ್ಲ.

ಕಾಗದದಲ್ಲಿ ಮೊದಲು ನೋಡಬೇಕಾದದ್ದು ವೇಗ. "100 ಮೆಗಾಬಿಟ್" ಎಂಬ ಒಂದೇ ಅಂಕಿಗೆ ಅರ್ಥವಿಲ್ಲ. ಕ್ಯಾರಿಯರ್ ಈಥರ್ನೆಟ್ಟಿನಲ್ಲಿ ಎರಡು ಅಂಕಿಗಳಿರುತ್ತವೆ. ಸಿ.ಐ.ಆರ್. ಎಂಬುದು ಕಂಪನಿ ನೀಡಲು ಬದ್ಧವಾದ ವೇಗ, ಇ.ಐ.ಆರ್. ಎಂಬುದು ದಾರಿ ತೆರವಿದ್ದಾಗ ಮಾತ್ರ ದೊರೆಯುವ ಹೆಚ್ಚುವರಿ ವೇಗ. ಮೊದಲನೆಯದರೊಳಗಿನ ಪ್ಯಾಕೆಟ್ಟಿಗೆ ಹಸಿರು, ಎರಡನೆಯದಕ್ಕೆ ಹಳದಿ, ಅದನ್ನೂ ಮೀರಿದ್ದಕ್ಕೆ ಕೆಂಪು ಎಂದು ಯಂತ್ರವೇ ಗುರುತು ಹಾಕುತ್ತದೆ. ಕೆಂಪನ್ನು ಬಾಗಿಲಲ್ಲೇ ಎಸೆಯಲಾಗುತ್ತದೆ, ದಟ್ಟಣೆಯಾದರೆ ಮೊದಲು ಬಲಿಯಾಗುವುದು ಹಳದಿ. ಮಾರಾಟ ಪ್ರತಿನಿಧಿ ಹೇಳುವ 100ರಲ್ಲಿ ಹಸಿರು 10, ಹಳದಿ 90 ಇದ್ದರೆ ನೀವು ಕೊಂಡದ್ದು 10. ತಿಂಗಳ ಕೊನೆಯಲ್ಲಿ ವಸಾಹತಿನ ಎಲ್ಲರೂ ಒಟ್ಟಿಗೆ ರಿಟರ್ನ್ ಸಲ್ಲಿಸಲು ಕುಳಿತಾಗ ಇದು ಅನುಭವಕ್ಕೆ ಬರುತ್ತದೆ. ಸಿ.ಐ.ಆರ್. ಎಷ್ಟೆಂದು ಕೇಳಿದರೆ ಉತ್ತರ ಬಾರದಿದ್ದ ಪಕ್ಷದಲ್ಲಿ ಅದು ಸೊನ್ನೆಯೆಂದೇ ಭಾವಿಸಿ ದರ ಕಟ್ಟುವುದು ಒಳಿತು.

ಲಭ್ಯತೆಯ ವಿಷಯವನ್ನು ಆಗಲೇ ಹೇಳಿದೆ. ಶೇ. 99.9 ಎಂದರೆ 30 ದಿನಗಳ ತಿಂಗಳಿಗೆ ಸುಮಾರು 43 ನಿಮಿಷ, ಶೇ. 99.5 ಎಂದರೆ 3 ಗಂಟೆ 36 ನಿಮಿಷ. ಅದೇ ಶೇ. 99.5ನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 44 ಗಂಟೆ, ಅಂದರೆ ಎಂಟು ಗಂಟೆಯ ಪಾಳಿಯ ಐದು ದಿನಗಳಿಗಿಂತ ಹೆಚ್ಚು! ಪ್ರತಿಶತವನ್ನು ಮಾತ್ರ ನೋಡಿ ಅವಧಿಯನ್ನು ನೋಡದವರು ಬಡ್ಡಿ ದರ ಕೇಳಿ ಅದು ತಿಂಗಳಿಗೋ ವರ್ಷಕ್ಕೋ ಎಂದು ಕೇಳದ ಸಾಲಗಾರರಂತೆ.

"ಸಾರ್, ನಮ್ಮಲ್ಲಿ ಅಂಥ ವರದಿ ಬರುವುದಿಲ್ಲ" ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ. ಪೊಟ್ಟಣ ಎಷ್ಟು ತಡವಾಯಿತು, ಎಷ್ಟು ಕಳೆದುಹೋಯಿತು ಎಂದು ಅಳೆಯುವ ವಿಧಾನ ಐ.ಟಿ.ಯು. ಸಂಸ್ಥೆಯ ವೈ.1731 ಮಾನಕದಲ್ಲಿ 2006ರಿಂದಲೇ ಇದೆ. ಈ ಉಸ್ತುವಾರಿ ಎಷ್ಟು ಮುಖ್ಯವೆಂದರೆ, ಎಂ.ಪಿ.ಎಲ್.ಎಸ್.-ಟಿ.ಪಿ.ಗೆ ಯಾವ ಉಸ್ತುವಾರಿ ವಿಧಾನ ಇರಬೇಕೆಂಬ ಬಗ್ಗೆಯೇ ದೂರಸಂಪರ್ಕದವರ ಐ.ಟಿ.ಯು. ಮತ್ತು ಅಂತರಜಾಲದವರ ಐ.ಇ.ಟಿ.ಎಫ್. ನಡುವೆ ವರ್ಷಗಟ್ಟಲೆ ಜಗಳ ನಡೆಯಿತು. 2008ರಲ್ಲಿ ಒಟ್ಟಿಗೆ ಕೆಲಸ ಮಾಡಲು ಒಪ್ಪಿಕೊಂಡವರು 2012ರಲ್ಲಿ ಒಂದರ ಬದಲು ಎರಡು ಮಾನಕಗಳನ್ನು ಹೊರತಂದರು. ಅಳತೆಗೋಲಿಗಾಗಿ ಇಷ್ಟು ಹೋರಾಡಿದ ಉದ್ಯಮ ಗಿರಾಕಿಗೆ ಅಳತೆಯ ಚೀಟಿ ಕೊಡಲಾಗದು ಎಂದರೆ ನಂಬುವುದು ಹೇಗೆ? ಮಾಸಿಕ ಬಿಲ್ಲಿನೊಂದಿಗೆ ವರದಿಯೂ ಬರಬೇಕೆಂದು ಕರಾರಿನಲ್ಲಿ ಬರೆಸಿ.

ಇನ್ನು 50 ಮಿಲಿಸೆಕೆಂಡಿನ ಮಾತು. ಪ್ಯಾಕೆಟ್ ಜಾಲಗಳೂ ಈ ಗುಣವನ್ನು ಉಳಿಸಿಕೊಂಡಿವೆ, ಪ್ರಚಾರ ಪತ್ರಗಳಲ್ಲಿ ಅದು ದಪ್ಪಕ್ಷರದಲ್ಲಿರುತ್ತದೆ. ಆದರೆ ಎರಡನೆಯ ದಾರಿ ಇದ್ದರೆ ತಾನೇ ಅತ್ತ ತಿರುಗುವುದು? ವರ್ತುಲ ಇರುವುದು ನಗರದ ವಿನಿಮಯ ಕೇಂದ್ರಗಳ ನಡುವೆ; ಮುಖ್ಯ ರಸ್ತೆಯಿಂದ ನಿಮ್ಮ ಗೇಟಿನವರೆಗೆ ಬರುವುದು ಸಾಮಾನ್ಯವಾಗಿ ಒಂಟಿ ಎಳೆ. ಎರಡು ಕಂಪನಿಗಳ ಬಿಲ್ಲುಗಳಿವೆ ಎಂದ ಮಾತ್ರಕ್ಕೆ ಎರಡು ದಾರಿಗಳಿವೆ ಎಂದಾಗದು. ಒಬ್ಬರು ಇನ್ನೊಬ್ಬರ ಕೇಬಲ್ಲಿನಲ್ಲೇ ಎಳೆ ಬಾಡಿಗೆ ಪಡೆದಿರಬಹುದು. ಆದ್ದರಿಂದ ಹಾದಿಯ ನಕ್ಷೆಯನ್ನು ಕೇಳಿ ಪಡೆದು ಕರಾರಿಗೆ ಲಗತ್ತಿಸಬೇಕು, ಬದಲಾಯಿಸಿದರೆ ಲಿಖಿತವಾಗಿ ತಿಳಿಸಬೇಕೆಂಬ ಷರತ್ತು ಹಾಕಬೇಕು. ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ "ಕಾಲ್ ಬಿಫೋರ್ ಯು ಡಿಗ್" ಎಂಬ ಆ್ಯಪ್ ಬಿಡುಗಡೆ ಮಾಡಿದೆ. ವಸಾಹತಿನೊಳಗೆ ಕಾಮಗಾರಿ ಮಾಡಿಸುವ ನಾವಾದರೂ ಗುತ್ತಿಗೆದಾರರಿಂದ ಅದನ್ನು ಬಳಸುವಂತೆ ಮಾಡಬಹುದು.

ದರ ನಿಯಂತ್ರಣವನ್ನು ನಂಬಿ ಕೂರುವಂತಿಲ್ಲ. ಟ್ರಾಯ್ ಪ್ರಾಧಿಕಾರವು 2005ರಲ್ಲಿ ಗರಿಷ್ಠ ದರ ನಿಗದಿಪಡಿಸಿ 2014ರಲ್ಲಿ ಪರಿಷ್ಕರಿಸಿದ್ದು ಇ-1, ಎಸ್.ಟಿ.ಎಂ.-1 ಮುಂತಾದ ಹಳೆಯ ಅಳತೆಗಳ ಸರ್ಕ್ಯೂಟುಗಳಿಗೆ. ಅವು ಇಡೀ ಲಾರಿಯ ಬಾಡಿಗೆ ಪಟ್ಟಿಗಳು.

ನನ್ನ ವೃತ್ತಿಗೆ ಸಂಬಂಧಿಸಿದ ಎರಡು ಮಾತು. ಸೇವೆಯ ಲೋಪಕ್ಕಾಗಿ ಕಂಪನಿ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯನ್ನು ಇಳಿಸಿದರೆ, ನೀವು ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನೂ ಆ ಮಟ್ಟಿಗೆ ಹಿಂತಿರುಗಿಸಬೇಕು. ಕಾರ್ಖಾನೆ ತುಮಕೂರಿನಲ್ಲಿ, ಗೋದಾಮು ಹೊಸೂರಿನಲ್ಲಿ ಎಂಬಂತೆ ಸಂಪರ್ಕದ ಎರಡು ತುದಿಗಳು ಎರಡು ರಾಜ್ಯಗಳಲ್ಲಿದ್ದರೆ, ಒಟ್ಟು ಮೊತ್ತಕ್ಕೆ ಒಂದೇ ದರ ಹೇಳಿರುವ ಕರಾರುಗಳಲ್ಲಿ ಪೂರೈಕೆಯ ಸ್ಥಳವನ್ನು ತುದಿಗಳ ಸಂಖ್ಯೆಗೆ ಅನುಗುಣವಾಗಿ ಹಂಚಬೇಕೆಂದು ಐ.ಜಿ.ಎಸ್.ಟಿ. ನಿಯಮ ಹೇಳುತ್ತದೆ. ಬಿಲ್ಲು ಪೂರ್ತಿಯಾಗಿ ಒಂದೇ ನೋಂದಣಿಗೆ ಬರುತ್ತಿದ್ದರೆ ನಿಮ್ಮ ಲೆಕ್ಕಿಗರಿಗೆ ತೋರಿಸಿ.

ಒಬ್ಬೊಬ್ಬ ಸಣ್ಣ ಉದ್ಯಮಿ ಒಂಟಿಯಾಗಿ ಕೇಳಿದರೆ ದೊಡ್ಡ ಕಂಪನಿಯು ತನ್ನ ಅಚ್ಚಿನ ಕರಾರನ್ನು ಬದಲಿಸಲಾರದು. ಆದ್ದರಿಂದ ನಮ್ಮ ಸಂಸ್ಥೆಯು ಸಿ.ಐ.ಆರ್., ಮಾಸಿಕ ಲಭ್ಯತೆ, ಅಳತೆಯ ವರದಿ, ಹಾದಿಯ ನಕ್ಷೆ ಈ ನಾಲ್ಕನ್ನೂ ಒಳಗೊಂಡ ಮಾದರಿ ಕರಾರೊಂದನ್ನು ಸಿದ್ಧಪಡಿಸಿ, ವಸಾಹತಿನ ಸದಸ್ಯರೆಲ್ಲರ ಪರವಾಗಿ ಒಟ್ಟಿಗೆ ದರ ಕೇಳಬೇಕೆಂದು ನನ್ನ ಆಗ್ರಹ. ಕರಡು ತಯಾರಿಸುವ ಕೆಲಸಕ್ಕೆ ನನ್ನ ಸಮಯವನ್ನು ಶುಲ್ಕವಿಲ್ಲದೆ ನೀಡಲು ಸಿದ್ಧನಿದ್ದೇನೆ.

ನನ್ನ ಕಕ್ಷಿದಾರರು ಎರಡನೆಯ ಸಂಪರ್ಕವನ್ನು ರದ್ದುಪಡಿಸಿ, ಛಾವಣಿಯ ಮೇಲೆ ಕಂಬ ನೆಟ್ಟು ನಿಸ್ತಂತು ಸಂಪರ್ಕ ಪಡೆದಿದ್ದಾರೆ. ವೇಗ ಮೊದಲಿನ ಕಾಲು ಭಾಗ, ಬಾಡಿಗೆ ತುಸು ಹೆಚ್ಚು. ಚರಂಡಿಯ ಕಾಮಗಾರಿ ಇನ್ನೂ ಮುಗಿದಿಲ್ಲ.