ಸೋಮನ ಮುಖ ಮತ್ತು ಶಾಲೆಯ ಹಾಜರಿ

ಹಳೆಯ ಮೈಸೂರು ಸೀಮೆಯ ಗ್ರಾಮದೇವತೆಗಳ ಜಾತ್ರೆಗಳಲ್ಲಿ ಸೋಮನ ಕುಣಿತಕ್ಕೆ ವಿಶಿಷ್ಟ ಸ್ಥಾನವುಂಟು. ರಕ್ತಭೂತಾಳೆ ಮರದಲ್ಲಿ ಕೊರೆದು ಬಣ್ಣ ಬಳಿದ ದೊಡ್ಡ ಮುಖ, ಕೈಯಲ್ಲಿ ಬೆತ್ತ ಅಥವಾ ಕತ್ತಿ. ಕೆಂಪು ಮುಖದ ಸೋಮ ಸೌಮ್ಯನೆಂದೂ ಹಳದಿ, ಕಪ್ಪು ಮುಖದವನು ಉಗ್ರನೆಂದೂ ನಂಬಿಕೆ. ಮೌರಿ, ಸದ್ದೆಗಳ ನಾದಕ್ಕೆ ಹೆಜ್ಜೆಯಿಡುವ ಇವನನ್ನು ಭಕ್ತರು ವೇಷಧಾರಿಯೆಂದು ನೋಡುವುದಿಲ್ಲ. ದೇವಿಯ ಕಾವಲಿನವನೆಂದು ಕೈಮುಗಿಯುತ್ತಾರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಿದ್ಯಾಸಂಸ್ಥೆಗಳು ಈ ಸೋಮನೊಡನೆ ನಡೆದುಕೊಳ್ಳುವ ಬಗೆ ವಿಚಾರಾರ್ಹವಾದುದು. ವಾರ್ಷಿಕೋತ್ಸವದ ವೇದಿಕೆಯ ಮೇಲೆ ರಟ್ಟಿನ ಮುಖವೊಂದನ್ನು ಕಟ್ಟಿ, ಧ್ವನಿಮುದ್ರಿತ ಹಾಡಿಗೆ ಐದು ನಿಮಿಷ ಕುಣಿಸಿದರೆ ಜಾನಪದದ ಋಣ ತೀರಿತೆಂದು ಭಾವಿಸುವುದು ಸುಲಭ. ಚನ್ನಪಟ್ಟಣದ ಆಲೆಮರದ ಬೊಂಬೆ ಮಕ್ಕಳ ಕೈಗೆಂದೇ ಹುಟ್ಟಿದ್ದು, ಮಾರಾಟಕ್ಕೆ ಸಲ್ಲತಕ್ಕದ್ದು. ಸೋಮ ಹಾಗಲ್ಲ.

ಮುಖವನ್ನು ಕಾಪಾಡಿದರೆ ಕುಣಿತ ಉಳಿಯುವುದೆಂಬ ಭರವಸೆಯೂ ಇಲ್ಲ. ದಕ್ಷಿಣ ಕೊರಿಯಾದ ಹಾಹ್ವೆ ಎಂಬ ಗ್ರಾಮದಲ್ಲಿಯೂ ಊರದೇವತೆಯ ಪೂಜೆಗೆ ಸಂಬಂಧಿಸಿದ ಮುಖವಾಡದ ಕುಣಿತವಿದೆ. ಅದರಲ್ಲಿ ಕುಲೀನರನ್ನೂ ಸಂನ್ಯಾಸಿಗಳನ್ನೂ ಎಗ್ಗಿಲ್ಲದೆ ಹಾಸ್ಯಮಾಡುತ್ತಾರೆ. ಅಲ್ಲಿನ ಪ್ರಾಚೀನ ಮರದ ಮುಖವಾಡಗಳು 1964ರಲ್ಲಿ ರಾಷ್ಟ್ರೀಯ ನಿಧಿಯೆಂಬ ಮನ್ನಣೆ ಪಡೆದವು. ಆದರೆ ಕುಣಿತ 1928ರಲ್ಲಿಯೇ ನಿಂತುಹೋಗಿತ್ತು. ಹಲವು ದಶಕಗಳ ಬಳಿಕ ಅದನ್ನು ಪುನಃ ಕಟ್ಟಹೊರಟವರಿಗೆ, ಹಿಂದೆ ಕುಣಿದಿದ್ದ ವೃದ್ಧರ ನೆನಪನ್ನು ಆಶ್ರಯಿಸಬೇಕಾಯಿತು. ಮರಕ್ಕೆ ಹೆಜ್ಜೆ ನೆನಪಿರುವುದಿಲ್ಲವಷ್ಟೆ! ಕೊರಿಯಾದ ಮುಖವಾಡ ನೃತ್ಯಗಳು 2022ರಲ್ಲಿ ಯುನೆಸ್ಕೋ ಪಟ್ಟಿಯನ್ನು ಸೇರಿದುದು ಆ ಪರಿಶ್ರಮದ ನಂತರ.

ರಾಮನಗರದಲ್ಲಿ ಶ್ರೀ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಂಗ್ರಹದ ಕಾರ್ಯವನ್ನು ಶ್ರದ್ಧೆಯಿಂದ ಮಾಡಿದೆ. ಕುಣಿಯುವವನನ್ನು ಬೆಳೆಸುವ ಹೊಣೆಯನ್ನೂ ಅದೊಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆ ಬಾಲಕ ಇರುವುದು ಶಾಲೆಯಲ್ಲಿ. ಸೋಮನ ಕುಣಿತದ ಕಾಲವೋ ಯುಗಾದಿಯ ಆಸುಪಾಸಿನದು, ಅಂದರೆ ವಾರ್ಷಿಕ ಪರೀಕ್ಷೆಗಳ ಕಾಲ. ಸೋಮನನ್ನು ಹೊರುವ ಮನೆತನದ ಹುಡುಗನು ಪರೀಕ್ಷೆಗೆ ಕುಳಿತರೆ ಹೆಜ್ಜೆ ತಪ್ಪುತ್ತದೆ, ಜಾತ್ರೆಗೆ ಹೋದರೆ ವರ್ಷ ತಪ್ಪುತ್ತದೆ. ಪರೀಕ್ಷೆಯನ್ನೇ ಬಿಡಿಸಬೇಕೆಂದು ವಿವೇಕಿಗಳಾರೂ ಹೇಳಲಾರರು. ವಿದ್ಯೆಯಿಂದ ಆ ಮನೆಗಳಿಗೆ ಒದಗುವ ಏಳಿಗೆ ಕುಣಿತಕ್ಕಿಂತ ಕಡಿಮೆಯದೇನೂ ಅಲ್ಲ.

ಆದರೆ ಪರೀಕ್ಷೆಯಿಲ್ಲದ ಜಾತ್ರೆಯ ದಿನಗಳಿಗೆ ಹಾಜರಿಯಲ್ಲಿ ರಿಯಾಯಿತಿ ನೀಡುವುದು, ತಪ್ಪಿದ ಪಾಠವನ್ನು ಸಂಜೆ ಹೇಳಿಕೊಡುವುದು ಆಡಳಿತ ಮಂಡಲಿಗಳಿಗೆ ಅಸಾಧ್ಯವಲ್ಲ. ಕಟ್ಟಡಕ್ಕೂ ಕಮಾನಿಗೂ ಧಾರಾಳವಾಗಿ ಕೊಡುವ ದಾನಿಗಳು ಹಿರಿಯ ಕುಣಿತಗಾರನೊಬ್ಬನಿಗೆ ತಿಂಗಳ ಗೌರವಧನವನ್ನು ಗೊತ್ತುಮಾಡಬಹುದು. ಅವನು ಕಲಿಸುವುದು ಶಾಲೆಯ ವೇದಿಕೆಯ ಮೇಲಲ್ಲ, ತನ್ನ ಊರಿನ ಗುಡಿಯ ಅಂಗಳದಲ್ಲಿ; ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಲಿ.