ಸಾರಮೇಯನ ಅಪರಾಧ

ಕಳೆದ ಸಂಚಿಕೆಯಲ್ಲಿ ನಾವು ಹಿತ್ತಲಿನ ನುಗ್ಗೆಯ ಗಿಡದ ವಿಷಯವಾಗಿ ಬರೆದಿದ್ದೆವು. ಈ ತಿಂಗಳು ಆ ಗಿಡದ ಬುಡವನ್ನು ಅಗೆದು ಹಾಕಿದ ಪ್ರಾಣಿಯ ವಿಷಯವನ್ನು ಬರೆಯುವ ಪ್ರಸಂಗವು ಒದಗಿದೆ. ನಮ್ಮ ಮನೆಗೆ ಒಂದು ನಾಯಿಮರಿಯು ಬಂದಿದೆ.

ಜ್ಯೇಷ್ಠಮಾಸದ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮುಧೋಳದ ಕಡೆಯಿಂದ ಬರುತ್ತ, ಕೈಚೀಲದಲ್ಲಿ ಏನನ್ನೋ ಇಟ್ಟುಕೊಂಡು ನಮ್ಮ ಅಮರಗೋಳದ ಮನೆಯ ಕಟ್ಟೆಯ ಮೇಲೆ ಕುಳಿತನು. ಚೀಲವು ತಾನಾಗಿಯೇ ಅಲುಗಾಡಿತು. "ಸರ್, ನಿವೃತ್ತರಾದ ಮ್ಯಾಲೆ ಹೊತ್ತು ಹೋಗೂದಿಲ್ಲ ಅಂದಿದ್ರಲ್ಲ, ಇದನ್ನ ತಂದೀನಿ" ಎಂದನು. ಉದ್ದ ಮೂತಿ, ಒಣಗಿದ ಕಡ್ಡಿಯಂಥ ಕಾಲು, ಜೋತುಬಿದ್ದ ಕಿವಿ. ಹುಟ್ಟಿ ಐದು ವಾರವಾಗಿತ್ತಂತೆ. ನಮ್ಮ ಮನೆಯವರು ಒಳಗಿನಿಂದಲೇ, "ಮಡೀ ಮನ್ಯಾಗ ನಾಯಿ! ಚಲೋ ಆತು ಬಿಡ್ರಿ" ಎಂದರು. ಆತಕೂರಿನ ಶಾಸನವನ್ನು ನಾವು ಅವರಿಗೆ ವಿವರಿಸಹೋದೆವು: ಹತ್ತನೆಯ ಶತಮಾನದ ನಡುವಿನಲ್ಲಿ, ಬೂತುಗನಿಂದ ಮಣಲೇರನೆಂಬ ವೀರನು ಕಾಳಿ ಎಂಬ ನಾಯಿಯನ್ನೇ ಬೇಡಿ ಪಡೆದನು, ಅದು ಹಂದಿಯೊಡನೆ ಹೋರಾಡಿ ಮಡಿದಾಗ ಕಲ್ಲು ನಿಲ್ಲಿಸಿದರು, ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅವರು ಕೇಳಿ, "ಆ ಮಣಲೇರನ ಮನ್ಯಾಗ ನೆಲಾ ಯಾರು ಒರಸತಿದ್ರು?" ಎಂದು ಪ್ರಶ್ನಿಸಿದರು. ಇದಕ್ಕೆ ಶಾಸನದಲ್ಲಿ ಉತ್ತರವಿಲ್ಲ.

ನಾವು ಅದಕ್ಕೆ 'ಸಾರಮೇಯ' ಎಂದು ಹೆಸರಿಟ್ಟೆವು. ಐದು ವರುಷದ ಮೊಮ್ಮಗನ ನಾಲಿಗೆಗೆ ಅದು ಹೊರಳದೆ 'ಸಾರ್' ಎಂದಾಯಿತು. ಪರಿಣಾಮವೇನೆಂದರೆ, ಹುಡುಗನು "ಸಾರ್!" ಎಂದು ಕೂಗಿದಾಗಲೆಲ್ಲ ನಾಯಿಯೂ ತಿರುಗಿ ನೋಡುತ್ತದೆ, ನಾವೂ ತಿರುಗಿ ನೋಡುತ್ತೇವೆ. ಮೂವತ್ತೆರಡು ವರುಷದ ಅಭ್ಯಾಸವು ಬೇಗನೆ ಬಿಡುವಂಥದಲ್ಲ.

ಮೊದಲ ಎರಡು ತಿಂಗಳ ಕಷ್ಟವನ್ನು ವಾಚಕರ ಮುಂದೆ ಮುಚ್ಚಿಡುವದಿಲ್ಲ. ಐದು ವಾರಕ್ಕೆ ಮರಿಯನ್ನು ತಾಯಿಯಿಂದ ಅಗಲಿಸಿದ್ದೇ ಮೊದಲನೆಯ ತಪ್ಪು. ಎಂಟು ವಾರವಾದರೂ ಅದು ತಾಯಿಯ ಬಳಿ, ಒಡಹುಟ್ಟಿದ ಮರಿಗಳ ನಡುವೆ ಇರಬೇಕು. ಆಟದಲ್ಲಿ ಒಂದು ಮರಿಯು ಇನ್ನೊಂದನ್ನು ಬಲವಾಗಿ ಕಚ್ಚಿದರೆ ಕಚ್ಚಿಸಿಕೊಂಡದ್ದು ಕುಂಯ್ ಎಂದು ಕೂಗಿ ಆಟವನ್ನು ನಿಲ್ಲಿಸುತ್ತದೆ. ಹಲ್ಲಿಗೆ ಎಷ್ಟು ಬಲ ಕೊಡಬೇಕೆಂಬ ಪಾಠವು ಅಲ್ಲಿಯೇ ಆಗತಕ್ಕದ್ದು. ನಮ್ಮ ಸಾರ್ ಆ ಪಾಠವನ್ನು ಮುಗಿಸದೆಯೇ ಶಾಲೆ ಬಿಟ್ಟವನು. ಆದುದರಿಂದ ಅದನ್ನು ನಮ್ಮ ಧೋತರದ ಅಂಚಿನ ಮೇಲೂ ಮೊಮ್ಮಗನ ಹಿಮ್ಮಡಿಯ ಮೇಲೂ ಕಲಿಯತೊಡಗಿತು. (ಹಲ್ಲು ತಾಗಿ ಗೆರೆ ಬಿದ್ದರೂ ಸರಿ, ಹದಿನೈದು ನಿಮಿಷ ಸಾಬೂನಿನಿಂದ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರಲ್ಲಿಗೆ ಹೋಗಿ ಕೇಳಬೇಕು. ಮನೆಯ ಮರಿ ತಾನೆ ಎಂದು ಅಲಕ್ಷ್ಯ ಮಾಡಬಾರದು. ನಾವು ಹುಡುಗನಿಗೆ ಚುಚ್ಚುಮದ್ದು ಹಾಕಿಸಿದೆವು. ಮರಿಗೆ ಹುಚ್ಚುನಾಯಿ ರೋಗದ ಲಸಿಕೆಯು ಮೂರು ತಿಂಗಳಿಗೆ. ಕರುಳಿನ ಮಾರಿಯಾದ ಪಾರ್ವೋದ ಲಸಿಕೆಯು ಅದಕ್ಕೂ ಮೊದಲು, ಆರರಿಂದ ಎಂಟು ವಾರಗಳಲ್ಲಿ ಆರಂಭವಾಗಿ ಹಲವು ಕಂತುಗಳಲ್ಲಿ.)

ಎರಡನೆಯ ಕಷ್ಟವು ಮೂತ್ರದ್ದು. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದಷ್ಟು ತಾಸು ಅದು ತಡೆದುಕೊಂಡೀತು ಎಂಬುದು ಸ್ಥೂಲವಾದ ಲೆಕ್ಕ. ಎರಡು ತಿಂಗಳ ಮರಿಗೆ ಮೂರು ತಾಸಿಗಿಂತ ಹೆಚ್ಚಿನ ಗಡುವು ಕೊಡುವದು ಅನ್ಯಾಯ. ಎದ್ದ ಕೂಡಲೆ, ಉಂಡ ಕೂಡಲೆ, ಆಡಿ ದಣಿದ ಕೂಡಲೆ ಎತ್ತಿಕೊಂಡು ಹಿತ್ತಲಿಗೆ ಹೋಗಬೇಕು. ಅಲ್ಲಿ ಕೆಲಸವಾದ ಕ್ಷಣಕ್ಕೇ ಮೈದಡವಬೇಕು. ರಾತ್ರಿ ಎರಡಕ್ಕೂ ಐದಕ್ಕೂ ನಾವು ಎದ್ದೆವು. ಆಷಾಢದ ಜಡಿಮಳೆ, ನಮ್ಮ ಕಡೆಯ ಎರೆಮಣ್ಣು. ಅದು ಕಾಲಿಗೆ ಅಂಟಿಕೊಂಡರೆ ಬಿಡುವದಿಲ್ಲವೆಂದು ಧಾರವಾಡ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಕಪ್ಪು ಪಾದಗಳ ಮುದ್ರೆಯು ಪಡಸಾಲೆಯಿಂದ ಅಡಿಗೆಮನೆಯ ಹೊಸ್ತಿಲವರೆಗೂ ನಡೆದಿತ್ತು. ಹೊಸ್ತಿಲನ್ನು ದಾಟಿರಲಿಲ್ಲವೆಂಬುದನ್ನು ನಾವು ಅದರ ಪರವಾಗಿ ಎತ್ತಿ ಹೇಳಿದೆವು. ಹೊಸ್ತಿಲ ಆಚೆ ಲಟ್ಟಣಿಗೆ ಹಿಡಿದವರು ನಿಂತಿದ್ದರೆಂಬುದನ್ನು ಹೇಳಲಿಲ್ಲ.

ಮೂರನೆಯದು ಹಲ್ಲು. ಮರಿಗೆ ಇಪ್ಪತ್ತೆಂಟು ಹಾಲುಹಲ್ಲು. ನಾಲ್ಕನೆಯ ತಿಂಗಳ ಹೊತ್ತಿಗೆ ಅವು ಉದುರತೊಡಗಿ, ಆರೇಳು ತಿಂಗಳಾಗುವಷ್ಟರಲ್ಲಿ ನಲವತ್ತೆರಡು ಗಟ್ಟಿಹಲ್ಲು ಬರುತ್ತವೆ. ಅಷ್ಟು ದಿನವೂ ವಸಡು ನೋಯುತ್ತದೆ, ಕಡಿದರೆ ಹಿತವೆನಿಸುತ್ತದೆ. ಕೂಸಿಗೆ ಹಲ್ಲು ಬರುವಾಗ ನಾವು ಮಾಡುವದನ್ನೇ ಇಲ್ಲಿಯೂ ಮಾಡಬೇಕು. ಹಳೆಯ ಪಂಚೆಯ ತುಂಡನ್ನು ಗಂಟುಹಾಕಿ ತಣ್ಣೀರಿನಲ್ಲಿ ತೋಯಿಸಿ ಕೊಟ್ಟರೆ ಅರ್ಧ ತಾಸು ಮನೆ ನಿಶ್ಶಬ್ದ. ಉಳ್ಳಾಗಡ್ಡಿ ಬಿದ್ದ ಪಲ್ಲೆ, ದ್ರಾಕ್ಷಿ ಇವು ನಾಯಿಗೆ ವಿಷ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿಯನ್ನು ಪ್ರೀತಿಯಿಂದ ಕೊಡುವವರು ಇದನ್ನು ನೆನಪಿಡಬೇಕು. ಇನ್ನು ನಿದ್ದೆ. ದಿನಕ್ಕೆ ಹದಿನೆಂಟು ತಾಸಾದರೂ ಮರಿಯು ಮಲಗಬೇಕು. ಸಂಜೆಯ ಹೊತ್ತು ಅದು ಹುಚ್ಚೆದ್ದಂತೆ ಓಡಾಡಿ ಕಚ್ಚತೊಡಗಿದರೆ ಬಹುಮಟ್ಟಿಗೆ ನಿದ್ದೆಗೇಡಿ ಕೂಸಿನ ರಚ್ಚೆಯೇ ಅದು. ಪಾಣಿನಿಯು ತನ್ನ ವ್ಯಾಕರಣದ ಆರನೆಯ ಅಧ್ಯಾಯದ ಒಂದು ಸೂತ್ರದಲ್ಲಿ ನಾಯಿ, ಯುವಕ, ಇಂದ್ರ ಈ ಮೂವರನ್ನು ಶಬ್ದರೂಪದ ನಿಮಿತ್ತ ಒಂದೇ ಪಂಕ್ತಿಯಲ್ಲಿ ಕೂಡ್ರಿಸಿದ್ದಾನೆ. ಏಳನೆಯ ಇಯತ್ತೆಗೆ ಪಾಠ ಹೇಳಿದವರಿಗೆ ಮೊದಲಿನ ಇಬ್ಬರ ಸಾಮ್ಯವು ವ್ಯಾಕರಣದ ಆಚೆಗೂ ಇದೆಯೆಂದು ತೋರೀತು.

ಇಷ್ಟನ್ನೂ ನಾವು ಸಹಿಸಿದೆವು. ತಾಳ್ಮೆಯು ನಮಗೆ ಸಿದ್ಧಿಸಿತೆಂದು ಒಳಗೊಳಗೇ ಹೆಮ್ಮೆಪಟ್ಟೆವು. ಆಮೇಲೆ ಶ್ರಾವಣದಲ್ಲಿ ಅಮರಕೋಶದ ಪ್ರಸಂಗವು ನಡೆಯಿತು.

ಆ ಪ್ರತಿಯು ಪಾಠಶಾಲೆಯಲ್ಲಿದ್ದಾಗ ನಮ್ಮ ಗುರುಗಳು ತಮ್ಮ ಕೈಯಿಂದ ಕೊಟ್ಟದ್ದು. ಅಂಚಿನಲ್ಲಿ ಅವರ ಅಕ್ಷರವಿತ್ತು. ಒಂದು ಮಧ್ಯಾಹ್ನ ಸಂತೆಯಿಂದ ಬಂದು ನೋಡುತ್ತೇವೆ, ಪುಸ್ತಕವು ಪಡಸಾಲೆಯ ನೆಲದ ಮೇಲೆ ಬಾಯಿ ತೆರೆದು ಬಿದ್ದಿದೆ. ನಡುವಿನ ಹತ್ತಾರು ಹಾಳೆಗಳಿಲ್ಲ. ಪಕ್ಕದಲ್ಲಿ ಸಾರ್ ಕುಳಿತಿದೆ. ಅಮರಗೋಳದಲ್ಲಿ ಅಮರಕೋಶವು ಅಮರವಾಗಿ ಉಳಿಯಲಿಲ್ಲ ಎಂದು ಈಗ ನಗೆಯಾಡಬಹುದು. ಆಗ ನಗೆ ಬರಲಿಲ್ಲ. "ಏನಿದು?" ಎಂದು ಗದರಿದೆವು. ಅದು ಕಿವಿಯನ್ನು ಹಿಂದಕ್ಕೆ ಒತ್ತಿ, ಬಾಲವನ್ನು ಒಳಗೆ ಸೇರಿಸಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿತು. ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆ ಬೇಕೆ? ಮೇಜಿನ ಮೇಲೆ ಅಡಿಪಟ್ಟಿಯಿತ್ತು. ಮೂರು ಪೆಟ್ಟು ಹೊಡೆದೆವು. ಮೂರನೆಯದಕ್ಕೆ ಅದು ನಿಂತಲ್ಲಿಯೇ ಉಚ್ಚೆ ಹೊಯ್ದು ಮಂಚದ ಕೆಳಗೆ ಹೋಗಿ ಸೇರಿತು.

ನಮ್ಮ ಮನೆಯವರು ಹೊರಗೆ ಬಂದರು. ನೆಲ ಒರಸುವ ತಕರಾರು ಮಾಡಲಿಲ್ಲ. "ಅಲ್ರೀ, ಅದು ಹರಿಯೂದನ್ನ ನೀವು ನೋಡಿದ್ರೇನು?" ಎಂದಷ್ಟೇ ಕೇಳಿದರು.

ಮೂರು ದಿನ ಸಾರ್ ಮಂಚದ ಕೆಳಗಿನಿಂದ ನಾವಿದ್ದಾಗ ಬರಲಿಲ್ಲ. ಮುಧೋಳದ ನಾಯಿ ದೂರದ ಮೊಲವನ್ನು ಕಣ್ಣಿನಿಂದ ಹಿಡಿಯುವ ಬೇಟೆಗಾರ, ಓಟದಲ್ಲಿ ಪ್ರಖ್ಯಾತ, 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಹೊರಟಿದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಆ ತಳಿಗಾಗಿ ಸರಕಾರಿ ವಿಶ್ವವಿದ್ಯಾಲಯದ ಕೇಂದ್ರವೊಂದಿದೆ. ಇಷ್ಟೆಲ್ಲ ಕೀರ್ತಿಯಿದ್ದರೂ ಸ್ವಭಾವದಲ್ಲಿ ಅದು ಬಹು ಸಂಕೋಚದ ಪ್ರಾಣಿ. ಅಪರಿಚಿತರ ಕೈ ತಾಗುವದನ್ನು ಸಹಿಸದು. ಒರಟು ಕೈಯನ್ನು ಮರೆಯುವದೂ ಇಲ್ಲ. ಅದನ್ನು ನಮಗೆ ಕೊಟ್ಟವನು ಮೊದಲೇ ಹೇಳಿದ್ದನು. ನಾವು ತಲೆಯಾಡಿಸಿದ್ದೆವು.

ಮೂರನೆಯ ದಿನದ ರಾತ್ರಿ ಮೊಮ್ಮಗನು ನಮ್ಮ ಹಾಸಿಗೆಯ ಹತ್ತಿರ ಬಂದು ನಿಂತನು. "ಅಜ್ಜಾ, ಸಾರ್ ಹರದಿಲ್ಲ. ನಾ ಹರದೆ. ಮಳಿ ನೀರಾಗ ಬಿಡಾಕ ಹಡಗ ಮಾಡಿದೆ."

"ಮತ್ತ ಆವಾಗ ಯಾಕ ಹೇಳಲಿಲ್ಲೋ?"

"ನಿನ್ನ ಕೈಯಾಗ ಪಟ್ಟಿ ಇತ್ತಲ್ಲ."

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹೆಸರನ್ನು ಎಲ್ಲಿಂದ ತಂದಿದ್ದೆವೆಂಬುದು ಆಗ ನೆನಪಾಯಿತು. ಮಹಾಭಾರತದ ಆದಿಪರ್ವದಲ್ಲಿ, ಕಥೆಯ ತೀರ ಮೊದಲಿನಲ್ಲಿಯೇ, ಜನಮೇಜಯನ ಸತ್ರಕ್ಕೆ ಒಂದು ನಾಯಿಮರಿ ಬರುತ್ತದೆ. ಅದು ದೇವಲೋಕದ ನಾಯಿ ಸರಮೆಯ ಮಗ, ಆದುದರಿಂದ ಸಾರಮೇಯ. ಜನಮೇಜಯನ ಮೂವರು ತಮ್ಮಂದಿರು ಅದನ್ನು ಹೊಡೆದು ಅಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ಕೇಳುತ್ತಾಳೆ, ನೀನೇನಾದರೂ ತಪ್ಪು ಮಾಡಿದೆಯಾ ಎಂದು. ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆಗೆ ನೋಡಲೂ ಇಲ್ಲ ಎನ್ನುತ್ತದೆ. ಸರಮೆಯು ಯಜ್ಞಶಾಲೆಗೇ ಹೋಗಿ ರಾಜನನ್ನು ಕೇಳುತ್ತಾಳೆ: ನಿರಪರಾಧಿಯಾದ ನನ್ನ ಮಗನನ್ನು ಏಕೆ ಹೊಡೆದಿರಿ? ಅವರು ಯಾರೂ ಉತ್ತರ ಕೊಡುವದಿಲ್ಲ. ಆಗ ಆಕೆ, ಕಾಣದ ಕಡೆಯಿಂದ ನಿಮಗೆ ಭಯ ಬಂದೀತು ಎಂದು ಶಪಿಸುತ್ತಾಳೆ. ಈ ಕಥೆಯನ್ನು ನಾವು ಎಷ್ಟು ವರುಷ ಮಕ್ಕಳಿಗೆ ಹೇಳಿಲ್ಲ! ಹೇಳುವಾಗ ಮೇಜಿನ ಮೇಲೆ ಬೆತ್ತವಿರುತ್ತಿತ್ತು.

ನಾಯಿಯ ಮುಖದ 'ತಪ್ಪೊಪ್ಪಿಗೆ'ಯನ್ನು ಪರೀಕ್ಷೆಗೆ ಹಚ್ಚಿದವರಿದ್ದಾರೆ. ಅಮೇರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿನಾಲ್ಕು ನಾಯಿಗಳಿದ್ದವು. ತಿಂಡಿಯನ್ನು ಮುಟ್ಟಬೇಡವೆಂದು ಹೇಳಿ ಯಜಮಾನರು ಹೊರಗೆ ಹೋಗುವದು. ಹಿಂದಿರುಗಿದಾಗ ನಾಯಿ ತಿಂದಿತೆಂದೋ ಇಲ್ಲವೆಂದೋ ಅವರಿಗೆ ಹೇಳುವದು, ಕೆಲವು ಸಲ ಸುಳ್ಳೇ ಹೇಳುವದು. ಕಂಡುಬಂದದ್ದೇನು? ಕಿವಿ ಮಡಚಿ ಬಾಲ ಸೇರಿಸುವ ಆ ಮುಖಕ್ಕೂ ತಿಂದದ್ದಕ್ಕೂ ಸಂಬಂಧವಿಲ್ಲ. ಯಜಮಾನನು ಗದರಿದ್ದಕ್ಕೆ ಸಂಬಂಧ. ಅಷ್ಟೇ ಅಲ್ಲ, ತಿನ್ನದಿದ್ದ ನಾಯಿಯನ್ನು ಗದರಿದಾಗ ಆ ಮುಖವು ಇನ್ನೂ ಹೆಚ್ಚಾಗಿ ಕಂಡಿತು. ಎಂದೋ ಮಾಡಿದ ಕೆಲಸಕ್ಕೂ ಈಗಿನ ಪೆಟ್ಟಿಗೂ ಗಂಟು ಹಾಕುವ ಬುದ್ಧಿ ಮರಿಗೆ ಇಲ್ಲ. ಉಚ್ಚೆ ಹೊಯ್ದ ಜಾಗಕ್ಕೆ ಮೂಗು ತಿಕ್ಕಿಸುವ ನಮ್ಮ ಜನರ ಪದ್ಧತಿಯೂ ಇದೇ ಕಾರಣಕ್ಕಾಗಿ ನಿಷ್ಪ್ರಯೋಜಕ. ಅದು ಕಲಿಯುವ ಪಾಠವೊಂದೇ: ಈ ಮನುಷ್ಯನು ಬಂದರೆ ಭಯ.

ಇದನ್ನು ಓದಿದಾಗ ನಮ್ಮ ಕಣ್ಣಮುಂದೆ ಬಂದದ್ದು ನಾಯಿಯಲ್ಲ. ಮೂರು ದಶಕಗಳ ಹಿಂದಿನ ಮಾತು. ಏಳನೆಯ ಇಯತ್ತೆಯ ಗೋಡೆಯ ಮೇಲಿನ ನಕಾಶೆಯು ಹರಿದಿತ್ತು. "ಯಾರು?" ಎಂದು ಕೇಳಿದೆವು. ಹಿಂದಿನ ಸಾಲಿನ ಹುಡುಗನೊಬ್ಬನು ತಲೆ ತಗ್ಗಿಸಿದನು, ಕಣ್ಣು ಮೇಲೆತ್ತಲಿಲ್ಲ. ಅಂಗೈಗೆ ನಾಲ್ಕು ಏಟು ಕೊಟ್ಟೆವು. ಸಂಜೆ ಸಿಪಾಯಿಯು ಹೇಳಿದನು, ಕಿಟಕಿ ತೆರೆದಿತ್ತು, ಗಾಳಿಗೆ ನಕಾಶೆ ಬಿದ್ದು ಮೊಳೆಗೆ ಸಿಕ್ಕಿ ಹರಿಯಿತೆಂದು. ಹುಡುಗನು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಬಂದಾಗ ನಾವು ಅವನಿಗೆ ಏನೂ ಹೇಳಲಿಲ್ಲ. ಮಾಸ್ತರನು ವಿದ್ಯಾರ್ಥಿಯ ಮುಂದೆ ತಪ್ಪಾಯಿತೆನ್ನುವದು ಹೇಗೆ ಎಂಬ ಬಿಗುಮಾನ. ಜನಮೇಜಯನ ತಮ್ಮಂದಿರೂ ಇದೇ ಕಾರಣಕ್ಕೆ ಸುಮ್ಮನಿದ್ದಾರು. ಶಿಕ್ಷಣ ಹಕ್ಕಿನ ಕಾಯದೆಯು 2010ರಲ್ಲಿ ಜಾರಿಗೆ ಬಂದು ಹೊಡೆಯುವದನ್ನು ನಿಷೇಧಿಸಿದಾಗ ನಾವೂ ಬೆತ್ತವನ್ನು ಕಪಾಟಿನಲ್ಲಿ ಇಟ್ಟೆವು. ಕಾಯದೆ ಬಂತೆಂದು ಇಟ್ಟೆವು, ಮನಸ್ಸು ಬಂದು ಇಟ್ಟದ್ದಲ್ಲ. ಆ ಹುಡುಗನು ಈಗ ಎಲ್ಲಿದ್ದಾನೋ ತಿಳಿಯದು. ಎಲ್ಲಿಯಾದರೂ ಈ ಪುಟವು ಅವನ ಮನೆಗೆ ಬರುತ್ತಿದ್ದರೆ, ಅವನು ಓದಿಕೊಳ್ಳಲಿ: ನಕಾಶೆಯನ್ನು ನೀನು ಹರಿದಿರಲಿಲ್ಲವೆಂದು ನಮಗೆ ಅಂದೇ ಗೊತ್ತಾಗಿತ್ತು.

ಮರುದಿನ ಮೊಮ್ಮಗನೂ ನಾವೂ ಮಂಚದ ಎದುರಿಗೆ ನೆಲದ ಮೇಲೆ ಕುಳಿತೆವು. ಕರೆಯಲಿಲ್ಲ, ಕೈ ಚಾಚಲಿಲ್ಲ. ಬೆನ್ನು ತಿರುಗಿಸಿ ಕುಳಿತು, ತುಸು ದೂರದಲ್ಲಿ ಮೊಸರಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ಚೂರನ್ನು ಇಟ್ಟೆವು. ಹೆದರಿದ ಮರಿಯ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬಾರದು. ಮೇಲಿನಿಂದ ಬಗ್ಗಿ ತಲೆ ಮುಟ್ಟಬಾರದು. ಮೊದಲ ದಿನ ನಾವು ಎದ್ದುಹೋದ ಮೇಲೆ ಅದು ರೊಟ್ಟಿ ತಿಂದಿತು. ಎರಡನೆಯ ದಿನ ನಾವು ಕುಳಿತಿರುವಾಗಲೇ ಹುಡುಗನ ಪಕ್ಕದ ಚೂರನ್ನು ಕಚ್ಚಿಕೊಂಡು ಒಳಗೆ ಓಡಿತು. ನಮ್ಮ ಪಕ್ಕದ್ದು ಹಾಗೆಯೇ ಉಳಿಯಿತು. ಹೀಗೆ ಎಂಟು ದಿನ. ಸೊಂಟ ಹಿಡಿದುಕೊಂಡಿತು. ಒಂಬತ್ತನೆಯ ದಿನ ಅಂಗಾಲಿಗೆ ಏನೋ ತಣ್ಣಗೆ ತಾಗಿತು, ಮೂಗು. ನಾವು ಅಲುಗಾಡಲಿಲ್ಲ. ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಿದ್ದವರು ಒಳಗೆ ಹೋಗಿ, ಆ ದಿನ ರೊಟ್ಟಿಗೆ ತುಪ್ಪ ಸವರಿಕೊಟ್ಟರು.

ಈಗ ನಾಲ್ಕೂವರೆ ತಿಂಗಳು. ಹಾಲುಹಲ್ಲುಗಳು ಉದುರುತ್ತಿವೆ. ಬೆಳಿಗ್ಗೆ ಬನಶಂಕರಿಯ ಗುಡಿಯವರೆಗೆ ಹಗ್ಗ ಹಿಡಿದು ಹೋಗಿ ಬರುತ್ತೇವೆ. ದೊಡ್ಡ ರಸ್ತೆಯಲ್ಲಿ ಚಿಗರಿ ಬಸ್ಸು ಸುಯ್ಯೆಂದು ಹೋದರೆ ಇನ್ನೂ ನಮ್ಮ ಕಾಲುಗಳ ನಡುವೆ ನುಗ್ಗುತ್ತದೆ. ನಾವು ಏನನ್ನಾದರೂ ಎತ್ತಿಕೊಳ್ಳಲು ಫಕ್ಕನೆ ಕೈ ಮೇಲೆತ್ತಿದರೆ ಒಂದು ಕ್ಷಣ ಕಿವಿಗಳು ಹಿಂದಕ್ಕೆ ಹೋಗುತ್ತವೆ. ಮೊನ್ನೆ ಕಪಾಟಿನ ಕೆಳಗೆ ಬಿದ್ದಿದ್ದ ಅಡಿಪಟ್ಟಿಯನ್ನು ಅದು ತಾನೇ ಎಳೆದು ತಂದು ಪಡಸಾಲೆಯ ನಡುವೆ ಇಟ್ಟುಕೊಂಡು ಕಡಿಯುತ್ತಿತ್ತು. ಕಟ್ಟಿಗೆಯ ಸಿಬಿರು ಗಂಟಲಿಗೆ ಚುಚ್ಚೀತೆಂದು ಮೆಲ್ಲಗೆ ಬಿಡಿಸಿ ಒದ್ದೆಬಟ್ಟೆಯ ಗಂಟನ್ನು ಕೊಟ್ಟೆವು. ಹನ್ನೆರಡು ಅಂಗುಲದ ಪಟ್ಟಿಯು ಈಗ ಹತ್ತೂವರೆ ಅಂಗುಲದ್ದಾಗಿದೆ.