ಲೈಸೆನ್ಸ್ ಊರಿನದು, ವಿಮೆ ಅಲ್ಲಿನದು

ಬ್ರಿಟನ್ನಿಗೆ ಓದಲು ಹೊರಟ ಮಗನ ಪೆಟ್ಟಿಗೆಗೆ ಚಟ್ನಿಪುಡಿಯಿಂದ ಪ್ರೆಷರ್ ಕುಕ್ಕರಿನವರೆಗೆ ಎಲ್ಲವೂ ಸೇರುತ್ತದೆ. ಊರಿನ ಆರ್‌ಟಿಓ ಕಚೇರಿ ಕೊಟ್ಟ ಡ್ರೈವಿಂಗ್ ಲೈಸೆನ್ಸ್ ಪರ್ಸಿನಲ್ಲಿರುತ್ತದೆ. ಕೆಲವು ತಿಂಗಳಲ್ಲೇ ಫೋನ್ ಬರುತ್ತದೆ: 'ಅಪ್ಪಾ, ಹಳೇ ಕಾರೊಂದು ಅಗ್ಗಕ್ಕೆ ಸಿಗ್ತಾ ಇದೆ. ಆದರೆ ಇನ್ಶೂರೆನ್ಸೇ ಕಾರಿಗಿಂತ ದುಬಾರಿ!' ಮಗ ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಭಾರತದ ಪೂರ್ಣ ಲೈಸೆನ್ಸ್ ಇದ್ದವರು ಅಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಕಲಿಕಾ ಲೈಸೆನ್ಸ್ ನಡೆಯದು. ಕೆಲವು ದೇಶಗಳ ಲೈಸೆನ್ಸನ್ನು ಅಲ್ಲಿನದಕ್ಕೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ವರ್ಷ ಕಳೆದ ಮೇಲೆ ಎಷ್ಟೇ ಅನುಭವವಿದ್ದರೂ ಹೊಸಬನಂತೆ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಪಾಸು ಮಾಡಲೇಬೇಕು.

ಆದರೆ ಕಾನೂನು ಕೊಟ್ಟ ಅನುಮತಿ ಬೇರೆ, ವಿಮಾ ಕಂಪನಿಯ ನಂಬಿಕೆ ಬೇರೆ. 25ರೊಳಗಿನ ವಯಸ್ಸು, ಅಲ್ಲಿನ ರಸ್ತೆಯ ಅನುಭವವಿಲ್ಲ, ಅಪಘಾತದ ದಾಖಲೆ ಪರದೇಶದಲ್ಲಿ. ಇದನ್ನೆಲ್ಲ ಕಂಡ ಕಂಪನಿ ಕಂತು ಏರಿಸುತ್ತದೆ, ಇಲ್ಲವೇ ಕೈಯಾಡಿಸಿಬಿಡುತ್ತದೆ. ವಿದೇಶಿ ಲೈಸೆನ್ಸ್ ಇರುವವರಿಗೆಂದೇ ಪಾಲಿಸಿ ಕೊಡಿಸುವ ದಲ್ಲಾಳಿ ಸಂಸ್ಥೆಗಳು ಇರುವುದು ಇದಕ್ಕಾಗಿಯೇ. ನಾಲ್ಕಾರು ಕಡೆ ದರ ಕೇಳಬೇಕು. ಚಿಕ್ಕ ಎಂಜಿನ್ನಿನ ಕಾರಾದರೆ ಹೊರೆ ಕಡಿಮೆ. ಎದುರಿನವರ ನಷ್ಟಕ್ಕಷ್ಟೇ ಸಲ್ಲುವ ಥರ್ಡ್ ಪಾರ್ಟಿ ವಿಮೆ ಯಾವಾಗಲೂ ಅಗ್ಗವೆಂದೇನಿಲ್ಲ. ಕೆಲವೊಮ್ಮೆ ಸಮಗ್ರ ವಿಮೆಯೇ ಕಡಿಮೆಗೆ ಸಿಗುತ್ತದೆ.

ದುಡ್ಡು ಉಳಿಸುವ ಆತುರದಲ್ಲಿ ಹುಡುಗರು ಎರಡು ಅಡ್ಡದಾರಿ ಹಿಡಿಯುವುದುಂಟು. ಒಂದು, ಅಲ್ಲೇ ನೆಲೆಸಿರುವ ಚಿಕ್ಕಪ್ಪನನ್ನೋ ಹಿರಿಯ ಸ್ನೇಹಿತನನ್ನೋ ಮುಖ್ಯ ಚಾಲಕನೆಂದು ಬರೆಸಿ ದಿನವೂ ತಾನೇ ಓಡಿಸುವುದು. ಅಲ್ಲಿ ಇದಕ್ಕೆ 'ಫ್ರಂಟಿಂಗ್' ಎನ್ನುತ್ತಾರೆ. ಇದು ವಂಚನೆ. ಅಪಘಾತವಾದಾಗ ನಿಜ ಹೊರಬಿದ್ದರೆ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು. ಎದುರಿನವರಿಗೆ ತೆತ್ತ ಪರಿಹಾರವನ್ನು ಹುಡುಗನಿಂದಲೇ ವಸೂಲಿಗೆ ಹೊರಡಬಹುದು. ಅರ್ಜಿಯಲ್ಲಿ 'ಭಾರತದ ಲೈಸೆನ್ಸ್' ಎನ್ನುವ ಬದಲು 'ಬ್ರಿಟನ್ ಲೈಸೆನ್ಸ್' ಎಂದು ಗುರುತು ಹಾಕಿದರೂ ಇದೇ ಗತಿಯಾಗಬಹುದು.

ಎರಡನೆಯದು, ವಾಟ್ಸ್ಆ್ಯಪಿನಲ್ಲಿ ಅರ್ಧ ಬೆಲೆಗೆ ಪಾಲಿಸಿ ಮಾರುವವರನ್ನು ನಂಬುವುದು. ಕೈಗೆ ಬರುವ ಕಾಗದ ಥಳಥಳ ಹೊಳೆಯುತ್ತದೆ, ಪಾಲಿಸಿ ಮಾತ್ರ ಇರುವುದೇ ಇಲ್ಲ. ಅಲ್ಲಿನ ಪೊಲೀಸರ ಕ್ಯಾಮೆರಾ ಕಾರಿನ ನಂಬರನ್ನು ವಿಮಾ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ವಿಮೆ ಇಲ್ಲವೆಂದಾದರೆ ಸ್ಥಳದಲ್ಲೇ 300 ಪೌಂಡ್ ದಂಡ, 6 ಪೆನಾಲ್ಟಿ ಪಾಯಿಂಟ್. ಕಾರು ಜಪ್ತಿಯೂ ಆಗಬಹುದು. ಮೋಸಹೋದೆ ಎಂದರೆ ಬಿಡುವುದಿಲ್ಲ. ಹಣ ಕೊಡುವ ಮೊದಲು ಆ ದಲ್ಲಾಳಿಯ ಹೆಸರು ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರವಾದ ಎಫ್‌ಸಿಎಯ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ.

ಪಾಲಕರು ಊರಿನಲ್ಲೇ ಮಾಡಬಹುದಾದ ಸಹಾಯವೂ ಇದೆ. ಮಗನ ಹೆಸರಿನಲ್ಲೇ ಕಾರಿನ ವಿಮೆ ಇದ್ದರೆ, ಕ್ಲೇಮು ಮಾಡಿಲ್ಲವೆಂಬ 'ನೋ ಕ್ಲೇಮ್ ಬೋನಸ್' ಪತ್ರವನ್ನು ಇಲ್ಲಿನ ಕಂಪನಿಯಿಂದ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಪಾಲಿಸಿ ನಂಬರು, ಕಾರಿನ ನಂಬರು, ತಾರೀಖುಗಳು ಅದರಲ್ಲಿರಲಿ. ಎಲ್ಲ ಕಂಪನಿಗಳೂ ಅದನ್ನು ಒಪ್ಪುವುದಿಲ್ಲ. ಒಪ್ಪುವ ಕಂಪನಿ ಸಿಕ್ಕರೆ ಕಂತು ಇಳಿಯುತ್ತದೆ. ವಿಮೆ ಅಪ್ಪನ ಹೆಸರಿನಲ್ಲಿದ್ದರೆ ಬೋನಸ್ಸೂ ಅಪ್ಪನದೇ, ಮಗನದಲ್ಲ.

ಅಲ್ಲಿಗೆ ಹೋದವರು ಹನ್ನೊಂದನೇ ತಿಂಗಳವರೆಗೆ ಕಾಯಬಾರದು. ಪರೀಕ್ಷೆಯ ತಾರೀಖು ಸಿಗಲು ತಿಂಗಳುಗಟ್ಟಲೆ ಹಿಡಿಯುವುದುಂಟು. ನೆಲೆ ನಿಂತ ಕೂಡಲೇ 'ಪ್ರೊವಿಷನಲ್' ಲೈಸೆನ್ಸಿಗೆ ಅರ್ಜಿ ಹಾಕಿದರೆ ಅರ್ಧ ಚಿಂತೆ ಕಳೆದಂತೆ. ಗಡುವು ಮೀರಿದರೆ ಎಲ್ ಫಲಕ ಹಚ್ಚಿ, 21 ವರ್ಷ ದಾಟಿದ, ಮೂರು ವರ್ಷದಿಂದ ಪೂರ್ಣ ಲೈಸೆನ್ಸ್ ಇರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕು. ವಿಮೆಯನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದಾಗ, ಆ ಮೊದಲ ವರ್ಷಕ್ಕೆ ಕಾರು ಬೇಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬಸ್ಸಿನ ಪಾಸು ಸಾಕೆನ್ನಿಸಿದರೆ ಅದೇ ಜಾಣತನ. ಬೇಕೇ ಬೇಕೆಂದರೆ ನಿಜ ಹೇಳಿ ದುಬಾರಿ ಕಂತು ಕಟ್ಟುವುದು ಲೇಸು. ಸುಳ್ಳಿನಿಂದ ಉಳಿಸಿದ ಕಾಸು ಅಪ್ಪ ಮಾಡಿದ ಶಿಕ್ಷಣ ಸಾಲಕ್ಕಿಂತ ಭಾರವಾದೀತು.